3 ಟಿಬಿ ಡಿಸ್ಕ್ 746 ಜಿಬಿ ಎಂದು ತೋರಿದರೆ

ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಗುರುತಿಸಿದರು. ಬಂಡೆ ಇವತ್ತಿಗೂ ಅಲ್ಲೇ ಇದೆ. ಪಾಠದಲ್ಲಿ ಅನುಮಾನ ಬಂದರೆ ಹೋಗಿ ನೋಡಬಹುದು. ಹೊಲದ ಬದುವಿನ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ಒಡೆದರೆ, ಸುಣ್ಣ ಬಳಿದರೆ ನಾವು ತೆಗೆದ ಚಿತ್ರವೇ ಶಾಸನ. ಆ ಚಿತ್ರಗಳೆಲ್ಲ ಈಗ ಹಾರ್ಡ್ ಡಿಸ್ಕಿನಲ್ಲಿವೆ. ಹಾಗಾಗಿ ಈ ಸಲ ಲಿಪಿ ಬಿಟ್ಟು ಡಿಸ್ಕಿನ ವಿಚಾರ.

ಈಚೆಗೆ ಸಾಲಗುಂದದಲ್ಲಿ, ಕೆಟ್ಟ ಕಂಪ್ಯೂಟರಿನಿಂದ ಬಿಚ್ಚಿದ 3 ಟಿಬಿ ಡಿಸ್ಕನ್ನು ಹಳೆಯ ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿದೆವು. ಅದು 746 ಜಿಬಿ ಎಂದು ತೋರಿಸಿತು. ಜೊತೆಗೆ ವಿಂಡೋಸ್ 'ಇನಿಶಿಯಲೈಜ್ ಮಾಡಬೇಕು' ಅಂತ ಕೇಳಿತು. ಬೇಡ ಎಂದು ಕೊಟ್ಟು ಡಿಸ್ಕ್ ಬಿಚ್ಚಿದೆವು. ಸಿಂಧನೂರಿನಲ್ಲಿ ಬೇರೆ ಕಂಪ್ಯೂಟರಿಗೆ ನೇರವಾಗಿ ಜೋಡಿಸಿದಾಗ ಫೋಲ್ಡರುಗಳೆಲ್ಲ ಸುರಕ್ಷಿತವಾಗಿದ್ದವು.

746 ಎಲ್ಲಿಂದ ಬಂತು? ಡಿಸ್ಕ್ ತನ್ನ ಜಾಗವನ್ನು 512 ಬೈಟಿನ ಸೆಕ್ಟರುಗಳಾಗಿ ಎಣಿಸುತ್ತದೆ. 3 ಟಿಬಿ ಡಿಸ್ಕಿನಲ್ಲಿ 5,86,05,33,168 ಸೆಕ್ಟರುಗಳು. ಹಳೆಯ ಅಡಾಪ್ಟರಿನ ಚಿಪ್ ಈ ಸಂಖ್ಯೆಯನ್ನು 32 ಬಿಟ್‌ನಲ್ಲಿ ಹಿಡಿಯುತ್ತದೆ; ಅದರ ಎಣಿಕೆ 4,29,49,67,296ಕ್ಕೆ ಒಂದು ಸುತ್ತು ಮುಗಿದು ಮತ್ತೆ ಸೊನ್ನೆಗೆ ಬರುತ್ತದೆ. ಉಳಿಕೆ 1,56,55,65,872 ಸೆಕ್ಟರು. ವಿಂಡೋಸ್ ಲೆಕ್ಕದಲ್ಲಿ ಅದೇ 746 ಜಿಬಿ.

ಶಾಸನ ಓದುವವರಿಗೆ ಇದು ಹೊಸದಲ್ಲ. ಶಕವರ್ಷ ಸವೆದು 'ಪ್ರಭವ ಸಂವತ್ಸರ' ಎಂದಷ್ಟೇ ಉಳಿದರೆ ಏನು ಹೇಳುತ್ತೀರಿ? ಪ್ರಭವ 60 ವರ್ಷಕ್ಕೊಮ್ಮೆ ಬರುತ್ತದೆ: 1867, 1927, 1987. ಎಷ್ಟು ಸುತ್ತು ಕಳೆದಿದೆ ಎಂಬುದು ಆ ಹೆಸರಿನಲ್ಲಿಲ್ಲ, ಉಳಿಕೆ ಮಾತ್ರ ಇದೆ. ಅಡಾಪ್ಟರು ಹೇಳುವುದೂ ಸಂವತ್ಸರವನ್ನಷ್ಟೇ, ಶಕವರ್ಷವನ್ನಲ್ಲ.

ಡಿಸ್ಕಿಗೆ ಏನೂ ಆಗಿರುವುದಿಲ್ಲ. ಅಪಾಯ ಇರುವುದು ನಮ್ಮ ಕೈಯಲ್ಲಿ. ಇನಿಶಿಯಲೈಜ್ ಮಾಡಿದರೆ ವಿಭಾಗಗಳ ಪಟ್ಟಿಯ ಮೇಲೆ ಹೊಸ ಪಟ್ಟಿ ಬೀಳುತ್ತದೆ. ಆಮೇಲೆ ಫಾರ್ಮ್ಯಾಟ್ ಮಾಡಿ ಹೊಸ ಫೈಲು ತುಂಬಿದರೆ ಹಳೆಯ ಚಿತ್ರಗಳೇ ಅಳಿಯುತ್ತವೆ.

ಇನ್ನೊಂದು ಬಗೆಯೂ ಉಂಟು. ಕೆಲವು ಪೆಟ್ಟಿಗೆಗಳು ಎಂಟು ಸೆಕ್ಟರನ್ನು ಕೂಡಿಸಿ 4096 ಬೈಟಿನ ಒಂದೇ ಸೆಕ್ಟರ್ ಎಂದು ಕಂಪ್ಯೂಟರಿಗೆ ತೋರಿಸುತ್ತವೆ. ಅಂಥ ಪೆಟ್ಟಿಗೆಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ಹೊರತೆಗೆದು ನೇರ ಜೋಡಿಸಿದರೆ ಖಾಲಿ ಇದ್ದಂತೆ ಕಾಣಬಹುದು. ಅದನ್ನು ಅದೇ ಪೆಟ್ಟಿಗೆಗೆ ಮರಳಿಸಿ, ಚಿತ್ರಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ.

3 ಟಿಬಿ ಡಿಸ್ಕ್ ವಿಂಡೋಸಿನಲ್ಲಿ 2.7 ಟಿಬಿ ಎಂದು ಕಂಡರೆ ಗಾಬರಿ ಬೇಡ. ತಯಾರಕರು ಸಾವಿರದಲ್ಲಿ, ವಿಂಡೋಸ್ 1024ರಲ್ಲಿ ಎಣಿಸುವುದರ ವ್ಯತ್ಯಾಸ ಅದು. ಆದರೆ 3 ಟಿಬಿಗೆ 746 ಜಿಬಿ, 4 ಟಿಬಿಗೆ 1.6 ಟಿಬಿ ಕಂಡರೆ ಅಡಾಪ್ಟರನ್ನು ಶಂಕಿಸಿ.

ಮಾಡಬೇಕಾದ್ದು ಇಷ್ಟೇ. ಕೇಳಿದ್ದಕ್ಕೆಲ್ಲ 'ಸರಿ' ಒತ್ತಬೇಡಿ. ಡಿಸ್ಕಿನ ಮೇಲಿನ ಚೀಟಿ ಓದಿ, ಸಾಮರ್ಥ್ಯ ಹೋಲಿಸಿ. ಹಲವು ಚೀಟಿಗಳಲ್ಲಿ 'ಎಲ್‌ಬಿಎ' ಎಂದು ಸೆಕ್ಟರ್ ಸಂಖ್ಯೆಯೂ ಇರುತ್ತದೆ. ಅಡಾಪ್ಟರ್ ಕೊಳ್ಳುವಾಗ ಎಷ್ಟು ಟಿಬಿವರೆಗೆ ನಡೆಯುತ್ತದೆ ಅಂತ ನೋಡಿಯೇ ಕೊಳ್ಳಿ. ಮತ್ತೆ, ಒಂದು ಕಲ್ಲಿನ ಚಿತ್ರ ಒಂದೇ ಡಿಸ್ಕಿನಲ್ಲಿ ಇರಬಾರದು.