ಕಾರಿಗೆ ಎರಡು ಬ್ಯಾಟರಿ, ಕೇಬಲ್ಲಿಗೆ ಎರಡು ಫ್ಯೂಸ್

ರಂಗಪಂಚಮಿಯ ದಿನ ಹುಬ್ಬಳ್ಳಿಯ ಓಣಿಗಳಲ್ಲಿ ಬಣ್ಣಕ್ಕಿಂತ ಸದ್ದೇ ಜಾಸ್ತಿ. ಎಂಜಿನ್ ಬಂದ್, ಡಿಕ್ಕಿ ತೆರೆದಿದೆ, ಹಾಡು ಚಾಲೂ. ಮಧ್ಯಾಹ್ನ ಮನೆಗೆ ಹೊರಡೋಣವೆಂದು ಸೆಲ್ಫ್ ಹೊಡೆದರೆ ಬರೀ ‘ಟಕ್ ಟಕ್’. 1000 ವಾಟ್‌ನ ಆಂಪ್ಲಿಫೈಯರ್ ಪೂರ್ತಿ ಜೋರಿನಲ್ಲಿ 100 ಆಂಪಿಯರ್ ಆಸುಪಾಸು ಎಳೆಯುತ್ತದೆ. ಸರಾಸರಿ ಅದರ ಕಾಲುಭಾಗ ಎಂದಿಟ್ಟುಕೊಂಡರೂ 60 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆಯಲ್ಲಿ ಕೈಚೆಲ್ಲುತ್ತದೆ.

ಎರಡನೇ ಬ್ಯಾಟರಿಯ ಯೋಚನೆ ಹುಟ್ಟುವುದು ಇಲ್ಲಿ. ಟರ್ಬೊ ಕಾರಿಗೆ ರೀಮ್ಯಾಪ್ ಮಾಡಿಸಿ ದೊಡ್ಡ ಇಂಧನ ಪಂಪು, ಹೆಚ್ಚಿನ ಫ್ಯಾನು ಹಾಕಿಸಿದವರೂ ಇದನ್ನು ಕೇಳುತ್ತಾರೆ. ಅವರಿಗೆ ನನ್ನ ಉತ್ತರ: ಮೊದಲು ಅರ್ಥಿಂಗ್ ನೋಡಿಸಿ. ಎಂಜಿನ್ ಓಡುವಾಗ ಕರೆಂಟ್ ಕೊಡುವುದು ಆಲ್ಟರ್ನೇಟರ್. ಆಗಲೂ ಹೆಡ್‌ಲೈಟ್ ಮಂಕಾದರೆ ದೋಷ ಆಲ್ಟರ್ನೇಟರಿನದು ಇಲ್ಲವೇ ಬಾಡಿಗೆ ಕೂಡಿಸಿದ ನೆಗೆಟಿವ್ ವಯರಿನದು. ಇನ್ನೊಂದು ಬ್ಯಾಟರಿ ದುಡ್ಡು ದಂಡ. ವೇಗದ ಕಾರಿಗೆ ಅದು ಕೊಡುವುದು ಹದಿನೈದಿಪ್ಪತ್ತು ಕಿಲೋ ಭಾರ, ಅಷ್ಟೆ.

ನಿಜಕ್ಕೂ ಬೇಕಿದ್ದರೆ ಜಾಗ ಡಿಕ್ಕಿಯೇ. ಮುಂಭಾರ ಹೆಚ್ಚುವುದಿಲ್ಲ, ಏಪ್ರಿಲ್‌ನ ಹುಬ್ಬಳ್ಳಿ ಬಿಸಿಲಿಗೆ ಎಂಜಿನ್ ಕಾವೂ ಸೇರಿ ಬ್ಯಾಟರಿ ಬೇಗ ಸಾಯುವುದೂ ತಪ್ಪುತ್ತದೆ. ಆದರೆ ನೀರು ಹಾಕುವ ಮಾಮೂಲಿ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಆದ್ದರಿಂದ ಒಳಗೆ ಎಜಿಎಂ ಮಾದರಿಯದೇ ಇರಲಿ, ಅದೂ ಅಲುಗಾಡದಂತೆ ಪಟ್ಟಿ ಬಿಗಿದು. 2002ರ ಮರ್ಸಿಡಿಸ್ ಇ-ಕ್ಲಾಸ್‌ನಲ್ಲಿ ಕಂಪನಿಯೇ ಡಿಕ್ಕಿಯಲ್ಲೊಂದು, ಬಾನೆಟ್ಟಿನಡಿ ಒಂದು ಬ್ಯಾಟರಿ ಕೊಟ್ಟಿತ್ತು.

ಆಂಪ್ಲಿಫೈಯರಿಗೆ ಕರೆಂಟ್ ಈ ಹಿಂದಿನ ಬ್ಯಾಟರಿಯಿಂದಲೇ ಇರಲಿ. ಆದರೆ ಎರಡೂ ಬ್ಯಾಟರಿಗಳನ್ನು ನೇರ ಜೋಡಿಸಿದರೆ ಎರಡೂ ಕೂಡಿಯೇ ಖಾಲಿಯಾಗುತ್ತವೆ. ನಡುವೆ ವೋಲ್ಟೇಜ್ ನೋಡಿ ನಡೆಯುವ ರಿಲೇ ಬೇಕು: ಸಾಮಾನ್ಯವಾಗಿ 13.3 ವೋಲ್ಟಿಗೆ ಏರಿದಾಗ ಕೂಡಿಸುತ್ತದೆ, 12.8ಕ್ಕೆ ಇಳಿದಾಗ ಬಿಡಿಸುತ್ತದೆ. ಪೆಟ್ರೋಲ್ ಉಳಿಸಲು ಆಲ್ಟರ್ನೇಟರ್ ವೋಲ್ಟೇಜನ್ನು ಇಸಿಯು ಏರಿಳಿಸುವ ಹೊಸ ಕಾರುಗಳಲ್ಲಿ ಈ ರಿಲೇ ತಬ್ಬಿಬ್ಬಾಗುತ್ತದೆ. ಅಲ್ಲಿ ಡಿಸಿ-ಡಿಸಿ ಚಾರ್ಜರ್ ಆಗಬೇಕು. ಮೂಲ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಪುಟ್ಟ ಸೆನ್ಸರ್ ಇದ್ದರೆ ಹೊಸದರ ನೆಗೆಟಿವ್ ಅನ್ನು ಆ ಕಂಬಕ್ಕೆ ಸಿಕ್ಕಿಸಬೇಡಿ. ಪೇಂಟ್ ಕೆರೆದು ಬಾಡಿಗೆ ಬೋಲ್ಟ್ ಮಾಡಿ.

ಇನ್ನು ಕೇಬಲ್. ಬಾನೆಟ್ಟಿನಿಂದ ಫೈರ್‌ವಾಲಿನ ತೂತು ದಾಟಿ, ಬಾಗಿಲ ಅಂಚಿನ ಕಾರ್ಪೆಟ್ಟಿನಡಿ ಡಿಕ್ಕಿ ಮುಟ್ಟುವಷ್ಟರಲ್ಲಿ ಐದು ಮೀಟರ್. 16 ಚದರ ಮಿಲಿಮೀಟರ್ ತಾಮ್ರದಲ್ಲಿ 100 ಆಂಪಿಯರ್ ಹರಿದರೆ ಅರ್ಧ ವೋಲ್ಟಿಗೂ ಮಿಕ್ಕಿ ದಾರಿಯಲ್ಲೇ ಸೋರುತ್ತದೆ. 35 ಚದರ ಮಿಲಿಮೀಟರ್‌ನಲ್ಲಿ ಅದರ ಅರ್ಧಕ್ಕೂ ಕಡಿಮೆ. ಅಗ್ಗದ ಕೇಬಲ್ಲಿನ ಒಳಗೆ ಅಲ್ಯೂಮಿನಿಯಂ ಇರುತ್ತದೆ, ಮೇಲೆ ತಾಮ್ರದ ಲೇಪ ಮಾತ್ರ. ಕೊಳ್ಳುವ ಮುನ್ನ ತುದಿ ಕೆರೆದು ನೋಡಿ.

ಫೈರ್‌ವಾಲಿನ ಆ ತೂತಿನ ಅಂಚು ಹರಿತ ತಗಡು. ರಬ್ಬರ್ ಗ್ರಾಮೆಟ್ ಇಲ್ಲದೆ ತೂರಿಸಿದರೆ ಹುಬ್ಬಳ್ಳಿ-ಧಾರವಾಡ ಓಡಾಟದ ಕುಲುಕಿಗೆ ಇನ್ಸುಲೇಷನ್ ದಿನಕ್ಕಿಷ್ಟು ಸವೆದು, ಒಂದು ದಿನ ತಾಮ್ರ ಬಾಡಿಗೆ ತಾಗುತ್ತದೆ. ಮುಂದಿನ ಫ್ಯೂಸ್ ಹಾರುತ್ತದೆ, ಸರಿ. ಆದರೆ ಕೇಬಲ್ಲಿನ ಆ ತುದಿಯಲ್ಲೂ ಬ್ಯಾಟರಿ ಇದೆಯಲ್ಲ! ಅಲ್ಲಿ ಫ್ಯೂಸ್ ಇಲ್ಲದಿದ್ದರೆ ನೂರಾರು ಆಂಪಿಯರ್ ಹಿಂದಿನಿಂದ ನುಗ್ಗಿ ಕಾರ್ಪೆಟ್ಟಿಗೆ ಬೆಂಕಿ ಹತ್ತುತ್ತದೆ. ಎರಡೂ ಪಾಸಿಟಿವ್ ಟರ್ಮಿನಲ್‌ಗಳಿಂದ ಒಂದು ಗೇಣಿನೊಳಗೆ ಒಂದೊಂದು ಫ್ಯೂಸ್ ಇರಲೇಬೇಕು. ಅದರ ಆಂಪಿಯರ್ ಕೇಬಲ್ ತಡೆಯುವ ಮಿತಿಯನ್ನು ಮೀರಕೂಡದು. ಫ್ಯೂಸ್ ಕಾಯುವುದು ಕೇಬಲ್ಲನ್ನು, ಆಂಪ್ಲಿಫೈಯರನ್ನಲ್ಲ. ಗ್ಯಾರೇಜಿನವರು ‘ಒಂದ ಸಾಕ್ರಿ ಸರ’ ಎಂದರೆ ಒಪ್ಪಬೇಡಿ.

ವಾರಂಟಿ ಉಳಿಯುತ್ತದೆಯೇ ಎಂದು ಶೋರೂಮಿನಲ್ಲಿ ಮೊದಲೇ ಕೇಳಿ, ವಿಮೆಯವರಿಗೂ ತಿಳಿಸಿಡಿ.

ಕೆಲಸ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಓಡುವಾಗ ಎರಡರಲ್ಲೂ 14 ವೋಲ್ಟ್ ಆಸುಪಾಸು ಕಾಣಬೇಕು. ಬಂದ್ ಮಾಡಿ ಹಾಡು ಹಚ್ಚಿ. ರಿಲೇ ಬಿಡಿಸಿಕೊಳ್ಳಲು ಕೊಂಚ ಹೊತ್ತು ಹಿಡಿದೀತು. ಅರ್ಧ ತಾಸಿನ ನಂತರ ಹಿಂದಿನದು ಇಳಿದಿದ್ದು ಮುಂದಿನದು 12.6ರಲ್ಲೇ ನಿಂತಿದ್ದರೆ ವಯರಿಂಗ್ ಸರಿಯಾಗಿದೆ.