ನರ್ಸಿಂಗ್ ಪ್ರವೇಶ: ಶುಲ್ಕ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ

ಮೈಸೂರು: ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಮರುದಿನದಿಂದಲೇ ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಮಗಳನ್ನು ಪದವಿ ಕಾಲೇಜಿಗೆ ಸೇರಿಸುವುದೇ, ಕಾರ್ಖಾನೆ ಕೆಲಸಕ್ಕೆ ಕಳುಹಿಸುವುದೇ, ಇಲ್ಲವೇ ನರ್ಸಿಂಗ್ ಓದಿಸುವುದೇ? ಬೇಗ ಕೆಲಸ ಸಿಗುತ್ತದೆ, ಊರಿನ ಸಮೀಪದಲ್ಲೇ ಆಸ್ಪತ್ರೆಗಳಿವೆ, ಸಮಾಜದಲ್ಲಿ ಗೌರವವೂ ಇದೆ ಎಂಬ ಕಾರಣಕ್ಕೆ ಮೂರನೆಯ ದಾರಿಯನ್ನು ಆರಿಸಿಕೊಳ್ಳುವವರು ಕಡಿಮೆಯೇನಲ್ಲ. 2020ರ ಮಾರ್ಚ್‌ನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಸೋಂಕು ಕಾಣಿಸಿಕೊಂಡು ಇಡೀ ತಾಲ್ಲೂಕು ತತ್ತರಿಸಿದಾಗ, ದಾದಿಯರ ಕೆಲಸದ ಮಹತ್ವವೇನೆಂಬುದು ಈ ಭಾಗದ ಜನರಿಗೆ ಹತ್ತಿರದಿಂದಲೇ ಅರಿವಾಗಿತ್ತು.

ಆದರೆ ನರ್ಸಿಂಗ್ ಎಂಬ ಹೆಸರಿನಡಿ ನಡೆಯುವ ಕೋರ್ಸುಗಳೆಲ್ಲ ಒಂದೇ ಅಲ್ಲ. ಕೆಲವನ್ನು ಮುಗಿಸಿದವರು ಕಾನೂನಿನ ದೃಷ್ಟಿಯಲ್ಲಿ ನರ್ಸ್ ಆಗುತ್ತಾರೆ. ಕೆಲವನ್ನು ಮುಗಿಸಿದವರು ಎಷ್ಟೇ ವರ್ಷ ಆಸ್ಪತ್ರೆಯಲ್ಲಿ ದುಡಿದರೂ ಸಹಾಯಕರಾಗಿಯೇ ಉಳಿಯುತ್ತಾರೆ. ಸಮವಸ್ತ್ರ, ಗುರುತಿನ ಚೀಟಿ, ಪ್ರಮಾಣಪತ್ರದ ಚೌಕಟ್ಟು ಎಲ್ಲವೂ ನೋಡಲು ಒಂದೇ ಬಗೆ. ವ್ಯತ್ಯಾಸ ತಿಳಿಯುವುದು ಸರ್ಕಾರಿ ನೇಮಕಾತಿಗೆ ಅರ್ಜಿ ಹಾಕುವಾಗ. ಅಷ್ಟರಲ್ಲಿ ಹಣ ಖರ್ಚಾಗಿರುತ್ತದೆ, ವಯಸ್ಸೂ ಕಳೆದಿರುತ್ತದೆ.

ಆದ್ದರಿಂದ ಯಾವುದೇ ಸಂಸ್ಥೆಗೆ ಅರ್ಜಿ ಸಲ್ಲಿಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಶುಲ್ಕ ಎಷ್ಟು ಎಂಬುದಲ್ಲ. ‘ಈ ಕೋರ್ಸ್ ಮುಗಿಸಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನನ್ನ ಹೆಸರು ನೋಂದಣಿ ಆಗುತ್ತದೆಯೇ?’ ಎಂಬುದೇ ಆ ಪ್ರಶ್ನೆ.

ನೋಂದಣಿ ಏಕೆ ಮುಖ್ಯ?

ವಕೀಲರಿಗೆ ವಕೀಲರ ಪರಿಷತ್ತು ಇರುವಂತೆ ದಾದಿಯರಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಇದೆ. ಕರ್ನಾಟಕದಲ್ಲಿ 1961ರ ಕಾಯಿದೆಯ ಅನ್ವಯ ಈ ಕೌನ್ಸಿಲ್ ಕಾರ್ಯ ನಿರ್ವಹಿಸುತ್ತದೆ. ರಾಷ್ಟ್ರಮಟ್ಟದಲ್ಲಿ ಪಠ್ಯಕ್ರಮ ಮತ್ತು ಅರ್ಹತೆಗಳನ್ನು ರೂಪಿಸಿದ್ದು 1947ರ ಕಾಯಿದೆಯಡಿ ಸ್ಥಾಪನೆಯಾದ ಭಾರತೀಯ ನರ್ಸಿಂಗ್ ಕೌನ್ಸಿಲ್. ಈ ಹಳೆಯ ಕಾಯಿದೆಯ ಬದಲಿಗೆ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಹೊಸ ಕಾಯಿದೆಗೆ ಸಂಸತ್ತು 2023ರಲ್ಲಿ ಒಪ್ಪಿಗೆ ನೀಡಿದೆ. ವ್ಯವಸ್ಥೆಯ ಹೆಸರು ಬದಲಾದರೂ ಮೂಲತತ್ವ ಒಂದೇ: ನೋಂದಣಿ ಇದ್ದವರು ಮಾತ್ರ ನರ್ಸ್.

ಸರ್ಕಾರಿ ಆಸ್ಪತ್ರೆಯ ನೇಮಕಾತಿಗೆ ಅರ್ಜಿ ಸಲ್ಲಿಸಲು ಈ ನೋಂದಣಿ ಬೇಕು. ಬೇರೆ ರಾಜ್ಯಕ್ಕೆ ಅಥವಾ ವಿದೇಶಕ್ಕೆ ಹೋಗಲೂ ಬೇಕು. ಉನ್ನತ ವ್ಯಾಸಂಗಕ್ಕೂ ಇದೇ ಆಧಾರ.

ಮೂರು ಬಾಗಿಲುಗಳು

ಪಿಯುಸಿ ಮುಗಿಸಿದವರಿಗೆ ನೋಂದಣಿಗೆ ದಾರಿ ಮಾಡಿಕೊಡುವ ಕೋರ್ಸುಗಳು ಮುಖ್ಯವಾಗಿ ಮೂರು.

ಮೊದಲನೆಯದು ಎಎನ್‌ಎಂ. ಅವಧಿ ಎರಡು ವರ್ಷ. ಇದು ಮಹಿಳೆಯರಿಗೆ ಮಾತ್ರ. ಕಲಾ, ವಾಣಿಜ್ಯ ವಿಷಯಗಳಲ್ಲಿ ಇಂಗ್ಲಿಷ್ ಸಹಿತ ಪಿಯುಸಿ ಉತ್ತೀರ್ಣರಾದವರೂ ವಿಜ್ಞಾನ ಓದಿದವರೂ ಸೇರಬಹುದು. ವಯಸ್ಸು ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು, 35 ಮೀರಿರಬಾರದು. ಹಳ್ಳಿಗಳ ಉಪಕೇಂದ್ರಗಳಲ್ಲಿ ಗರ್ಭಿಣಿಯರ ತಪಾಸಣೆ, ಮಕ್ಕಳಿಗೆ ಲಸಿಕೆ, ಮನೆ ಭೇಟಿ ಮುಂತಾದ ಕೆಲಸ ಮಾಡುವ ಆರೋಗ್ಯ ಸಹಾಯಕಿಯರು ಈ ದಾರಿಯಲ್ಲಿ ಬಂದವರು. ಬಯಲು ಪ್ರದೇಶದಲ್ಲಿ 5 ಸಾವಿರ ಜನಸಂಖ್ಯೆಗೆ ಒಂದು ಉಪಕೇಂದ್ರ, 30 ಸಾವಿರಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಮಾನದಂಡ.

ಎರಡನೆಯದು ಜಿಎನ್‌ಎಂ ಡಿಪ್ಲೊಮಾ. ಹಿಂದೆ ಮೂರೂವರೆ ವರ್ಷವಿದ್ದ ಅವಧಿ ಈಗ ಮೂರು ವರ್ಷಕ್ಕೆ ಇಳಿದಿದೆ. ವಿಜ್ಞಾನ ಓದಿದವರಿಗೆ ಆದ್ಯತೆ ಇದ್ದರೂ ಬೇರೆ ವಿಭಾಗದವರಿಗೆ ಬಾಗಿಲು ಮುಚ್ಚಿಲ್ಲ. ಪಿಯುಸಿಯಲ್ಲಿ ಒಟ್ಟಾರೆ ಶೇ 40 ಅಂಕ ಪಡೆದಿರಬೇಕು, ಇಂಗ್ಲಿಷ್ ವಿಷಯದಲ್ಲಿ ಪ್ರತ್ಯೇಕವಾಗಿಯೂ ಶೇ 40 ಬಂದಿರಬೇಕು. ಎರಡನೆಯ ಷರತ್ತನ್ನು ಗಮನಿಸದೆ ಇಂಗ್ಲಿಷ್‌ನಲ್ಲಿ ಕೇವಲ ಉತ್ತೀರ್ಣರಾದವರು ತೊಂದರೆಗೆ ಸಿಲುಕುತ್ತಾರೆ. ಈ ಡಿಪ್ಲೊಮಾದ ಪರೀಕ್ಷೆಗಳನ್ನು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ನಡೆಸುತ್ತದೆ. ಹುಡುಗರೂ ಸೇರಬಹುದು.

ಮೂರನೆಯದು ಬಿ.ಎಸ್ಸಿ ನರ್ಸಿಂಗ್. ನಾಲ್ಕು ವರ್ಷದ ಈ ಪದವಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರುವುದು ಕಡ್ಡಾಯ. ಈ ವಿಷಯಗಳಲ್ಲಿ ಒಟ್ಟು ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಅಂಕ ಬೇಕು. ಇಂಗ್ಲಿಷ್‌ನಲ್ಲಿ ಉತ್ತೀರ್ಣರಾಗಿರಬೇಕು. ರಾಜ್ಯದ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ.

ಇದರಿಂದ ಒಂದು ಸಂಗತಿ ಸ್ಪಷ್ಟ. ಬಿ.ಎಸ್ಸಿ ನರ್ಸಿಂಗ್‌ನ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬುದು ತೀರ್ಮಾನವಾಗುವುದು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿಯೇ. ಹುಲ್ಲಹಳ್ಳಿಯಲ್ಲೋ ಬನ್ನೂರಿನಲ್ಲೋ ಪಿಯುಸಿ ಕಲಾ ವಿಭಾಗಕ್ಕೆ ಸೇರಿದ ವಿದ್ಯಾರ್ಥಿನಿಗೆ ನಂತರ ಎಷ್ಟೇ ಅಂಕ ಬಂದರೂ ನೇರವಾಗಿ ಆ ಪದವಿಗೆ ಪ್ರವೇಶವಿಲ್ಲ. ಹಾಗೆಂದು ಆಕೆ ನಿರಾಶಳಾಗಬೇಕಿಲ್ಲ. ಎಎನ್‌ಎಂ ಮುಗಿಸಿ ನೋಂದಣಿ ಮಾಡಿಸಿಕೊಂಡವರು ಜಿಎನ್‌ಎಂ ಸೇರಬಹುದು, ಅವರಿಗೆ ವಯಸ್ಸಿನ ಮಿತಿಯೂ ಇಲ್ಲ. ಜಿಎನ್‌ಎಂ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ, ಅಲ್ಲಿಂದ ಎಂ.ಎಸ್ಸಿ ನರ್ಸಿಂಗ್‌ಗೆ ಏರಬಹುದು. ಮನೆಯ ಪರಿಸ್ಥಿತಿ ನೋಡಿಕೊಂಡು ದುಡಿಯುತ್ತಾ ಓದುತ್ತಾ ಮೇಲೇರುವ ಅವಕಾಶ ಈ ಏಣಿಯಲ್ಲಿದೆ. ಆದರೆ ಏಣಿಯ ಮೊದಲ ಮೆಟ್ಟಿಲು ನೋಂದಣಿ ಇರುವ ಕೋರ್ಸೇ ಆಗಿರಬೇಕು.

‘ಒಂದೇ ವರ್ಷದಲ್ಲಿ ನರ್ಸ್’

ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್ ಎಂಬ ದರ್ಜೆಯೊಂದಿದೆ. ಸಮುದಾಯ ಕಾಲೇಜುಗಳಲ್ಲಿ ಸುಮಾರು ಒಂದು ವರ್ಷ ಓದಿ, ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಅಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡಬಹುದು. ನಮ್ಮ ದೇಶದಲ್ಲಿ ಅಂಥ ಒಂದು ವರ್ಷದ ದರ್ಜೆ ಇಲ್ಲ. ಇಲ್ಲಿ ಅತ್ಯಂತ ಕಡಿಮೆ ಅವಧಿಯ, ನೋಂದಣಿಗೆ ಅರ್ಹವಾದ ಪ್ರವೇಶ ಕೋರ್ಸ್ ಎರಡು ವರ್ಷದ ಎಎನ್‌ಎಂ. ಆದ್ದರಿಂದ ಆರು ತಿಂಗಳಲ್ಲಿ, ಒಂದು ವರ್ಷದಲ್ಲಿ ನರ್ಸ್ ಮಾಡುತ್ತೇವೆ ಎಂಬ ಕರಪತ್ರ ಕೈಗೆ ಸಿಕ್ಕರೆ ಅದು ಯಾವ ಕೋರ್ಸ್ ಎಂದು ವಿಚಾರಿಸುವುದು ಅಗತ್ಯ.

ಅಲ್ಪಾವಧಿಯ ಕೋರ್ಸುಗಳೆಲ್ಲ ಮೋಸ ಎಂದು ಇದರ ಅರ್ಥವಲ್ಲ. ಸರ್ಕಾರದ ಕೌಶಲ ತರಬೇತಿ ಯೋಜನೆಗಳಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ತರಬೇತಿ ಇದೆ. ರೋಗಿಗಳಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಹಾಸಿಗೆ ಬದಲಿಸುವುದು, ಗಾಲಿಕುರ್ಚಿಯಲ್ಲಿ ಕರೆದೊಯ್ಯುವುದು ಇಂಥ ಕೆಲಸಗಳನ್ನು ಅಲ್ಲಿ ಕಲಿಸುತ್ತಾರೆ. ಆಸ್ಪತ್ರೆಗಳಿಗೆ, ವೃದ್ಧರಿರುವ ಮನೆಗಳಿಗೆ ಇಂಥವರ ಅಗತ್ಯವಿದೆ. ತುರ್ತಾಗಿ ದುಡಿಮೆ ಬೇಕಾದವರಿಗೆ ಅದು ಗೌರವದ ಕೆಲಸವೇ. ಆದರೆ ಅದು ಸಹಾಯಕರ ಹುದ್ದೆ, ನರ್ಸಿನ ಹುದ್ದೆಯಲ್ಲ. ಸಹಾಯಕರ ತರಬೇತಿಯನ್ನು ನರ್ಸಿಂಗ್ ಎಂದು ಹೇಳಿ, ನರ್ಸಿಂಗ್‌ನ ಶುಲ್ಕ ಪಡೆಯುವುದು ಮಾತ್ರ ಅನ್ಯಾಯ.

ಅರ್ಜಿಯ ಹಂತಗಳು

ರಾಜ್ಯದಲ್ಲಿ ಬಿ.ಎಸ್ಸಿ ನರ್ಸಿಂಗ್ ಪ್ರವೇಶವನ್ನು 2023ರಿಂದ ಸಿಇಟಿ ವ್ಯಾಪ್ತಿಗೆ ತರಲಾಗಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸೀಟು ಬಯಸುವವರು ಸಿಇಟಿಗೆ ಹೆಸರು ನೋಂದಾಯಿಸಿರಬೇಕು. ಸಾಮಾನ್ಯವಾಗಿ ವರ್ಷದ ಆರಂಭದ ತಿಂಗಳುಗಳಲ್ಲೇ, ಅಂದರೆ ಪಿಯುಸಿ ಪರೀಕ್ಷೆಗೂ ಮುನ್ನ, ಆನ್‌ಲೈನ್ ಅರ್ಜಿ ಆರಂಭವಾಗುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಮಾತ್ರ ಸಿಇಟಿ ಎಂದುಕೊಂಡು ಸುಮ್ಮನಿದ್ದವರಿಗೆ ಫಲಿತಾಂಶ ಬಂದ ಮೇಲೆ ಆ ದಾರಿ ಇರುವುದಿಲ್ಲ.

ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಮೀಸಲಾತಿ ಕೋರುವವರು 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಇವುಗಳಿಗೆ ಶಾಲೆಯ ಮುಖ್ಯಸ್ಥರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ನಂಜನಗೂಡು ನಗರಸಭೆಯ ಅಥವಾ ತಿ.ನರಸೀಪುರ ಪುರಸಭೆಯ ವ್ಯಾಪ್ತಿಯ ಶಾಲೆಯಲ್ಲಿ ಓದಿದ ವರ್ಷಗಳು ಗ್ರಾಮೀಣ ವ್ಯಾಸಂಗವೆಂದು ಗಣನೆಗೆ ಬರುವುದಿಲ್ಲ. ಮನೆ ಹಳ್ಳಿಯಲ್ಲಿದ್ದು, ಶಾಲೆ ಪಟ್ಟಣದಲ್ಲಿದ್ದವರು ಇದನ್ನು ನೆನಪಿಡಬೇಕು.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಹೋಬಳಿ ಕೇಂದ್ರದ ನಾಡಕಚೇರಿಯಲ್ಲಿ ಪಡೆಯಬಹುದು. ಫಲಿತಾಂಶದ ನಂತರ ಅಲ್ಲಿ ಸರದಿ ಬೆಳೆಯುವುದರಿಂದ ಪರೀಕ್ಷೆಗೆ ಮುನ್ನವೇ ಅರ್ಜಿ ಕೊಡುವುದು ಜಾಣತನ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪ್ರಮಾಣಪತ್ರ, ಆಧಾರ್, ಭಾವಚಿತ್ರ, ವೈದ್ಯಕೀಯ ಅರ್ಹತಾ ಪತ್ರ ಇವು ಮೂರೂ ಕೋರ್ಸುಗಳಿಗೆ ಬೇಕಾಗುವ ದಾಖಲೆಗಳು. ಮೂರೂ ಕಡೆ ಹೆಸರು, ಜನ್ಮದಿನಾಂಕ ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಬೇಕು. ತಂದೆಯ ಹೆಸರಿನ ಒಂದಕ್ಷರದ ವ್ಯತ್ಯಾಸವೂ ಮುಂದೆ ನೋಂದಣಿಯ ವೇಳೆ ಅಲೆದಾಟಕ್ಕೆ ಕಾರಣವಾಗಬಹುದು. ಮೂಲ ಅಂಕಪಟ್ಟಿಗಳನ್ನು ಮಧ್ಯವರ್ತಿಗಳ ಕೈಗೆ ಎಂದೂ ಕೊಡಬಾರದು.

ಸಂಸ್ಥೆಯನ್ನು ಅಳೆಯುವುದು ಹೇಗೆ?

ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಸಂಸ್ಥೆಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಯ್ಕೆ ಹೆಚ್ಚಾದಷ್ಟೂ ಎಚ್ಚರಿಕೆಯೂ ಹೆಚ್ಚಬೇಕು. ಕಟ್ಟಡ ನೋಡಿ ಸಂಸ್ಥೆಯನ್ನು ಅಳೆಯಲಾಗದು, ಅದರ ಆಸ್ಪತ್ರೆ ನೋಡಿ ಅಳೆಯಬೇಕು. ನರ್ಸಿಂಗ್ ಕಲಿಕೆ ನಡೆಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ನರ್ಸಿಂಗ್ ಶಾಲೆಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಮಾನದಂಡ. ಸ್ವಂತ ಆಸ್ಪತ್ರೆ ಇಲ್ಲದ ಸಂಸ್ಥೆಯಾದರೆ ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ, ವಾರಕ್ಕೆ ಎಷ್ಟು ದಿನ ಕಳುಹಿಸುತ್ತಾರೆ, ಹೆರಿಗೆ ವಾರ್ಡಿನಲ್ಲಿ ಅವಕಾಶ ಸಿಗುತ್ತದೆಯೇ ಎಂದು ಕೇಳಬೇಕು. ಉತ್ತರ ಅಸ್ಪಷ್ಟವಾಗಿದ್ದರೆ ಅನುಮಾನಿಸಲು ಕಾರಣವಿದೆ.

ಈ ವಿಷಯದಲ್ಲಿ ನಂಜನಗೂಡು, ತಿ.ನರಸೀಪುರದವರು ಅದೃಷ್ಟವಂತರು. ಎರಡೂ ಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಜಿಲ್ಲಾ ಕೇಂದ್ರ ಮೈಸೂರು ನಂಜನಗೂಡಿನಿಂದ ಸುಮಾರು 25 ಕಿ.ಮೀ., ತಿ.ನರಸೀಪುರದಿಂದ ಸುಮಾರು 30 ಕಿ.ಮೀ. ದೂರ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ, ತಾಯಿ ಮಕ್ಕಳ ಚಿಕಿತ್ಸೆಗೆ ಹೆಸರಾದ ಚೆಲುವಾಂಬ ಆಸ್ಪತ್ರೆ, 1906ರಲ್ಲಿ ಸ್ಥಾಪನೆಯಾದ ಮಿಷನ್ ಆಸ್ಪತ್ರೆ, ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಜೆಎಸ್‌ಎಸ್ ಆಸ್ಪತ್ರೆ ಹೀಗೆ ರೋಗಿಗಳ ಸಂಖ್ಯೆ ದೊಡ್ಡದಿರುವ ಆಸ್ಪತ್ರೆಗಳು ಈ ನಗರದಲ್ಲಿವೆ. ದೂರದ ಊರಿನ ಅಪರಿಚಿತ ಸಂಸ್ಥೆಯ ಏಜೆಂಟರ ಮಾತು ಕೇಳುವ ಮುನ್ನ ಹತ್ತಿರದ ಅವಕಾಶಗಳನ್ನು ವಿಚಾರಿಸುವುದು ಲೇಸು. ಸಂಸ್ಥೆ ಯಾವುದೇ ಇರಲಿ, ಆ ವರ್ಷಕ್ಕೆ ಅದಕ್ಕೆ ಅನುಮತಿ ಇದೆಯೇ, ಎಷ್ಟು ಸೀಟುಗಳಿಗೆ ಇದೆ ಎಂಬುದನ್ನು ಜಿಎನ್‌ಎಂ ಆದರೆ ಪರೀಕ್ಷಾ ಮಂಡಳಿಯಲ್ಲಿ, ಪದವಿ ಆದರೆ ವಿಶ್ವವಿದ್ಯಾಲಯದಲ್ಲಿ, ನೋಂದಣಿಯ ವಿಷಯವನ್ನು ರಾಜ್ಯ ಕೌನ್ಸಿಲ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು.

ಖರ್ಚು, ಓಡಾಟ, ಭಾಷೆ

ಶುಲ್ಕವೆಂದರೆ ಕಾಲೇಜಿನ ಶುಲ್ಕ ಮಾತ್ರವಲ್ಲ. ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ, ಆಸ್ಪತ್ರೆ ತರಬೇತಿಯ ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ ಪೂರ್ಣ ಅವಧಿಗೆ ಎಷ್ಟಾಗುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಇರಬೇಕು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ. ನಂಜನಗೂಡಿಗೆ ರೈಲಿನ ಸೌಕರ್ಯವೂ ಉಂಟು. ಆದರೂ ದಿನವೂ ಮನೆಯಿಂದ ಓಡಾಡಿಯೇ ಓದು ಮುಗಿಸುತ್ತೇನೆ ಎಂಬ ಲೆಕ್ಕ ಸರಿಹೋಗದು. ಮುಂಜಾನೆಯ ಪಾಳಿ, ರಾತ್ರಿ ಪಾಳಿ ತರಬೇತಿಯ ಭಾಗವೇ ಆಗಿರುವುದರಿಂದ ಹಾಸ್ಟೆಲ್ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ, ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಶುಲ್ಕ ನೆರವು ಇವುಗಳಿಗೆ ಪ್ರವೇಶವಾದ ಕೂಡಲೇ ಅರ್ಜಿ ಹಾಕಬೇಕು. ಮಾನ್ಯತೆ ಇಲ್ಲದ ಸಂಸ್ಥೆಗೆ ಸೇರಿದವರಿಗೆ ಈ ನೆರವೂ ಕೈತಪ್ಪುತ್ತದೆ.

ಇನ್ನೊಂದು ತೊಡಕು ಭಾಷೆಯದು. ಹತ್ತು ಹನ್ನೆರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರು ಜಿಎನ್‌ಎಂಗೆ ಸೇರಿದ ಮೊದಲ ವರ್ಷವೇ ಅಂಗರಚನಾಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಶುಶ್ರೂಷೆಯ ಮೂಲತತ್ವಗಳನ್ನು ಇಂಗ್ಲಿಷ್‌ನಲ್ಲಿ ಎದುರಿಸಬೇಕು. ಬುದ್ಧಿವಂತ ವಿದ್ಯಾರ್ಥಿನಿಯರೂ ಇಲ್ಲಿ ಎಡವಿ ಓದು ಬಿಡುವುದುಂಟು. ಫಲಿತಾಂಶಕ್ಕೂ ತರಗತಿ ಆರಂಭಕ್ಕೂ ನಡುವೆ ಸಿಗುವ ವಾರಗಳಲ್ಲಿ ದೇಹದ ಅಂಗಾಂಗಗಳ, ಸಾಮಾನ್ಯ ರೋಗಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡ ಅರ್ಥದೊಂದಿಗೆ ಬರೆದು ಕಲಿತರೆ ಮೊದಲ ಆರು ತಿಂಗಳ ಭಾರ ಬಹುಮಟ್ಟಿಗೆ ಇಳಿಯುತ್ತದೆ. ರೋಗಿಯೊಂದಿಗೆ ಮಾತನಾಡಲು ಬೇಕಾಗುವುದು ಕನ್ನಡವೇ. ಆ ಬಲ ಈ ಹುಡುಗಿಯರಲ್ಲಿ ಈಗಾಗಲೇ ಇದೆ.

ನರ್ಸಿಂಗ್ ಸುಲಭದ ವೃತ್ತಿಯಲ್ಲ. ಪಾಳಿ ಕೆಲಸ, ಸೋಂಕಿನ ಭಯ, ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಅಲ್ಪ ಸಂಬಳ ಎಲ್ಲವನ್ನೂ ತಿಳಿದೇ ಕಾಲಿಡಬೇಕು. ಅಷ್ಟು ಕಷ್ಟಪಡಲು ಸಿದ್ಧಳಾದ ಮಗಳಿಗೆ ಮನೆಯವರು ಮಾಡಬಹುದಾದ ದೊಡ್ಡ ಸಹಾಯವೆಂದರೆ, ಮುಂಗಡ ಹಣ ಎಣಿಸುವ ಮುನ್ನ ಸಂಸ್ಥೆಯ ಮೇಜಿನ ಮುಂದೆ ಕುಳಿತು ನೋಂದಣಿಯ ಆ ಒಂದು ಪ್ರಶ್ನೆಯನ್ನು ಕೇಳುವುದು, ಮತ್ತು ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಕಾಗದದಲ್ಲಿ ನೋಡುವುದು.