ಒಂಬತ್ತು ವರ್ಷ ಮಲಗಿದ್ದ ಬೈಕ್‌ನ ಲೆಕ್ಕ

ಈ ಸಲ ಇಂಡೆಕ್ಸ್ ಫಂಡ್ ಬೇಡ, ತೆರಿಗೆಯೂ ಬೇಡ. ನಮ್ಮ ಗ್ಯಾರೇಜಿನಲ್ಲಿರುವ 1998ರ ಯಮಹಾ ವೈಝಡ್ 125 ಬಗ್ಗೆ ಬರೆಯುತ್ತೇನೆ. ಕೊನೆಗೆ ದುಡ್ಡಿನ ವಿಷಯಕ್ಕೇ ಬರುತ್ತೇನೆ, ಚಿಂತೆ ಬೇಡ.

2012ರಲ್ಲಿ ನಾನು ಡಲ್ಲಾಸ್‌ಗೆ ಹೊಸಬ. ಮೊದಲ ಬೋನಸ್ ಕೈಗೆ ಬಂದ ವಾರವೇ 1,800 ಡಾಲರ್ ಕೊಟ್ಟು ಈ ಡರ್ಟ್ ಬೈಕ್ ತಂದೆ. ಇದಕ್ಕೆ ಹೆಡ್‌ಲೈಟ್ ಇಲ್ಲ, ರಸ್ತೆಗೆ ಇಳಿಸುವ ಹಾಗಿಲ್ಲ. ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿಸಬೇಕು ಅಷ್ಟೆ. ಆದರೆ ಟೂ-ಸ್ಟ್ರೋಕ್! ಮೈಸೂರಿನಲ್ಲಿ ಅಪ್ಪನ ಯೆಜ್ಡಿಯ ಟ್ಯಾಂಕ್ ಮೇಲೆ ಕೂತು ಬೆಳೆದವನಿಗೆ ಆ ಹೊಗೆಯ ವಾಸನೆಯೇ ಸಾಕಿತ್ತು.

2015ರಲ್ಲಿ ಮಗಳು ಹುಟ್ಟಿದಳು. ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲ ಎಂದು ಬೈಕನ್ನು ಒಂದು ಸ್ಟೋರೇಜ್ ಯೂನಿಟ್‌ನಲ್ಲಿಟ್ಟೆ. "ಆರು ತಿಂಗಳು ಸಾಕು" ಅಂದುಕೊಂಡು ಬಾಡಿಗೆಗೆ ಆಟೋಪೇ ಹಾಕಿದೆ. ಆಮೇಲೆ ಎಚ್1ಬಿ ರಿನ್ಯೂವಲ್, ಕೆಲಸ ಬದಲಾವಣೆ, ಮನೆ ಖರೀದಿ. ಮನೆಗೆ ಎರಡು ಕಾರಿನ ಗ್ಯಾರೇಜೂ ಬಂತು. ಬೈಕ್ ಮಾತ್ರ ಅಲ್ಲೇ ಉಳಿಯಿತು.

2024ರ ಜೂನ್‌ನಲ್ಲಿ ಹೆಂಡತಿ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ನೋಡುತ್ತಾ ಕೇಳಿದಳು: "ರೀ, ಈ ಸ್ಟೋರೇಜ್‌ನಲ್ಲಿ ಏನಿದೆ?"

ಲೆಕ್ಕ ಹಾಕಿದೆ. ಸರಾಸರಿ ತಿಂಗಳಿಗೆ 70 ಡಾಲರ್, 108 ತಿಂಗಳು. ಒಟ್ಟು 7,560 ಡಾಲರ್. 1,800ರ ಬೈಕ್ ಮಲಗುವುದಕ್ಕೆ ನಾಲ್ಕು ಬೈಕಿನ ದುಡ್ಡು! ಬೇರೆಯವರಿಗೆ ಎಕ್ಸ್‌ಪೆನ್ಸ್ ರೇಶಿಯೋ ಪಾಠ ಹೇಳುವ ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಮಾರಲಿಲ್ಲ ಏಕೆ? ಮಾರಿದರೆ ಆ ವಯಸ್ಸು ಮುಗಿಯಿತು ಎಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು. ಒಪ್ಪಿಕೊಳ್ಳದೇ ಇರುವುದಕ್ಕೆ ತಿಂಗಳಿಗೆ 70 ಡಾಲರ್ ಕಟ್ಟುತ್ತಿದ್ದೆ.

ಮೊದಲು ಒದೆಯಬೇಡ

ಬೈಕ್ ಮನೆಗೆ ಬಂದ ಸಂಜೆ ಅಪ್ಪನಿಗೆ ವೀಡಿಯೋ ಕಾಲ್ ಮಾಡಿದೆ. ಹೊಸ ಪೆಟ್ರೋಲ್ ಹಾಕಿ ಕಿಕ್ ಮಾಡುವ ಆತುರ ನನಗೆ. ಅಪ್ಪ ಅಲ್ಲಿಂದಲೇ ಗದರಿದರು: "ಒದೀಬೇಡ ಕಣೋ! ಮೊದಲು ಪ್ಲಗ್ ಬಿಚ್ಚು, ಏರ್ ಫಿಲ್ಟರ್ ನೋಡು."

ಫಿಲ್ಟರ್ ಮುಟ್ಟಿದರೆ ಸ್ಪಂಜು ಒಣ ರಸ್ಕ್‌ನಂತೆ ಪುಡಿಪುಡಿ. ಒಂದು ಕಿಕ್ ಹೊಡೆದಿದ್ದರೂ ಆ ಪುಡಿ ಕಾರ್ಬ್ಯುರೇಟರ್ ಮೂಲಕ ನೇರ ಎಂಜಿನ್‌ಗೆ. ಈ ಬೈಕಿನ ಸಿಲಿಂಡರ್ ಒಳಗೋಡೆಗೆ ಗಟ್ಟಿ ಲೇಪನವಿದೆ. ಅದು ಗೀರಿದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿದರಾಯಿತು ಎನ್ನುವಂತಿಲ್ಲ, ಮತ್ತೆ ಲೇಪನ ಹಾಕಿಸಬೇಕು. ನೂರಾರು ಡಾಲರ್ ಉಳಿದದ್ದು ಅಪ್ಪನ ಒಂದು ಮಾತಿನಿಂದ.

ಆಮೇಲೆ ಒಂದೊಂದೇ ಕೆಲಸ. ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು, ಮರುದಿನ ಕೈಯಿಂದಲೇ ಕಿಕ್ಕರ್ ಮೆಲ್ಲಗೆ ಒತ್ತಿ ಪಿಸ್ಟನ್ ಅಂಟಿಕೊಂಡಿಲ್ಲ ಎಂದು ಖಚಿತ ಮಾಡಿಕೊಂಡೆ. ಟ್ಯಾಂಕಿನ ಹಳೇ ಪೆಟ್ರೋಲ್ ಖಾಲಿ ಮಾಡಿದೆ. ಇಲ್ಲಿನ ಪೆಟ್ರೋಲ್‌ನಲ್ಲಿ ಸಾಮಾನ್ಯವಾಗಿ ಎಥನಾಲ್ ಇರುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ. ಕಾರ್ಬ್ಯುರೇಟರಿನ ಪೈಲಟ್ ಜೆಟ್ ಕಂದು ಅಂಟಿನಿಂದ ಪೂರ್ತಿ ಮುಚ್ಚಿಹೋಗಿತ್ತು.

ನಿಜವಾದ ಅಪಾಯ ಕಣ್ಣಿಗೆ ಕಾಣದ ಜಾಗದಲ್ಲಿತ್ತು. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಕ್ರ್ಯಾಂಕ್‌ಕೇಸ್ ಮೂಲಕವೇ ಮೇಲೆ ಹೋಗುತ್ತದೆ. ಅದರ ಎರಡೂ ಬದಿಯ ರಬ್ಬರ್ ಸೀಲ್‌ಗಳು ವರ್ಷಗಟ್ಟಲೆ ಕೂತರೆ ಒಣಗಿ ಗಟ್ಟಿಯಾಗುತ್ತವೆ. ಫ್ಲೈವೀಲ್ ಬದಿಯ ಸೀಲ್ ಸೋರಿದರೆ ಹೊರಗಿನ ಗಾಳಿ ಒಳಗೆ ಬರುತ್ತದೆ, ಪೆಟ್ರೋಲ್ ಜೊತೆ ಬರುವ ಆಯಿಲ್ ಸಾಲದೆ ಪಿಸ್ಟನ್ ಬಿಸಿಯಾಗಿ ಜಾಮ್ ಆಗಬಹುದು. ಕ್ಲಚ್ ಬದಿಯದು ಸೋರಿದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ. ಎಂಜಿನ್ ಬಾಯಿಗಳನ್ನೆಲ್ಲ ಮುಚ್ಚಿ 6 ಪಿಎಸ್‌ಐ ಒತ್ತಡ ಕೊಟ್ಟು ನೋಡಿದೆ. ಮುಳ್ಳು ನಿಲ್ಲಲಿಲ್ಲ. ಸೋಪಿನ ನೀರು ಬಿಟ್ಟಾಗ ಫ್ಲೈವೀಲ್ ಬದಿಯಲ್ಲಿ ಗುಳ್ಳೆಗಳು.

ಖರ್ಚಿನ ಪಟ್ಟಿ

ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಕಿಟ್: 160
ಕ್ರ್ಯಾಂಕ್ ಸೀಲ್‌ಗಳು: 35
ಕಾರ್ಬ್ಯುರೇಟರ್ ಕಿಟ್: 30
ರೀಡ್ ವಾಲ್ವ್: 45
ಟೈರ್, ಟ್ಯೂಬ್: 170
ಚೈನ್, ಸ್ಪ್ರಾಕೆಟ್: 130
ಫಿಲ್ಟರ್, ಪ್ಲಗ್, ಆಯಿಲ್, ಕೂಲಂಟ್, ಬ್ರೇಕ್ ಫ್ಲೂಯಿಡ್: 110
ಫ್ಲೈವೀಲ್ ಪುಲ್ಲರ್, ಒತ್ತಡ ಪರೀಕ್ಷೆಯ ಕಿಟ್: 120
ಒಟ್ಟು: 800 ಡಾಲರ್, ಮತ್ತೆ ಸುಮಾರು 40 ಗಂಟೆ.

ರಿಪೇರಿಗೆ ಮುಂಚೆ ಒಬ್ಬ ಇದ್ದ ಸ್ಥಿತಿಯಲ್ಲೇ 500 ಕೊಡುತ್ತೇನೆ ಎಂದಿದ್ದ. ಓಡುವಂತಾದ ಮೇಲೆ ಅದೇ ಮನುಷ್ಯ 2,100 ಎಂದ. ಅಂದರೆ 800 ಹಾಕಿ 1,600 ಹೆಚ್ಚಿಸಿದೆ. ಗಂಟೆಗೆ 20 ಡಾಲರ್ ಬಿತ್ತು. ಇದನ್ನು ಹೂಡಿಕೆ ಎಂದು ಕರೆಯಲಾರೆ. ನಷ್ಟವಿಲ್ಲದ ಹವ್ಯಾಸ, ಅಷ್ಟೇ.

ಗಮನಿಸಿ, ಈ ಲೆಕ್ಕದಲ್ಲಿ 7,560 ಸೇರಿಸಿಲ್ಲ. ಅದು ಹೋದ ದುಡ್ಡು. ಬೈಕ್ ರಿಪೇರಿ ಮಾಡಲಿ, ಗುಜರಿಗೆ ಹಾಕಲಿ, ವಾಪಸ್ ಬರುವುದಿಲ್ಲ. "ಇಷ್ಟು ಖರ್ಚಾಗಿದೆ, ಈಗ ಬಿಡೋದು ಹೇಗೆ" ಎನ್ನುವುದು ರಿಪೇರಿಗೆ ಕಾರಣ ಆಗಬಾರದು. ಆದರೆ ಮುಂದಿನ ತಿಂಗಳ 70 ಡಾಲರ್ ನಮ್ಮ ಕೈಯಲ್ಲಿದೆ. ನಾನು ಮೊದಲು ಮಾಡಿದ ಕೆಲಸ ಸ್ಟೋರೇಜ್ ಖಾಲಿ ಮಾಡಿದ್ದು. ಸ್ಪ್ಯಾನರ್ ಹಿಡಿದದ್ದು ಆಮೇಲೆ.

ಅಪ್ಪನ ಇನ್ನೊಂದು ಮಾತು

ಸೀಲ್ ಹಾಕುತ್ತಿದ್ದಾಗ ಅಪ್ಪ ಕೇಳಿದರು: "ನಿನ್ನ ಕಾಲೇಜು ದಿನದ ಎಸ್‌ಬಿ ಅಕೌಂಟೂ ಹೀಗೇ ಬಿದ್ದಿದೆಯಲ್ಲೋ, ಅದನ್ನ ಯಾವಾಗ ಬಿಚ್ತೀಯ?"

ನಮ್ಮಲ್ಲಿ ಎಷ್ಟೋ ಜನಕ್ಕೆ ಊರಿನಲ್ಲಿ ಇಂಥದ್ದೊಂದು ಖಾತೆ ಇರುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಾವು ವ್ಯವಹಾರ ಮಾಡದಿದ್ದರೆ ಅದು ನಿಷ್ಕ್ರಿಯ. ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಜಾಗೃತಿ ನಿಧಿಗೆ ಹೋಗುತ್ತದೆ. ಹಣ ಮುಳುಗುವುದಿಲ್ಲ, ಬ್ಯಾಂಕಿನಲ್ಲಿ ಕೇಳಿ ವಾಪಸ್ ಪಡೆಯಬಹುದು. ಹುಡುಕುವುದಕ್ಕೆ 2023ರಲ್ಲಿ ಶುರುವಾದ ಉದ್ಗಮ್ ಪೋರ್ಟಲ್ ಇದೆ. ಎನ್‌ಆರ್‌ಐ ಆದ ಮೇಲೆ ಆ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸಬೇಕಿತ್ತು ಎಂಬುದನ್ನೂ ಮರೆಯಬೇಡಿ. ಇಲ್ಲೂ ಕ್ರಮ ಅದೇ: ಮೊದಲು ಕೆವೈಸಿ, ವಿಳಾಸ, ಎನ್‌ಆರ್‌ಒ, ಆಮೇಲೆ ಹಣ ವರ್ಗಾವಣೆ. ಒದೆಯುವುದು ಕೊನೆಗೆ.

ಸೆಪ್ಟೆಂಬರ್‌ನ ಒಂದು ಶನಿವಾರ ಒಂದು ಗ್ಯಾಲನ್ ಪೆಟ್ರೋಲಿಗೆ ನಾಲ್ಕು ಔನ್ಸ್ ಟೂ-ಟಿ ಆಯಿಲ್ ಬೆರೆಸಿದೆ, 32:1. ಗ್ಯಾರೇಜ್ ಬಾಗಿಲು ತೆರೆದು ಚೋಕ್ ಎಳೆದೆ. ಮಗಳು ಫೋನ್ ಹಿಡಿದಿದ್ದಳು, ಆ ಕಡೆ ಅಪ್ಪ. ಏಳನೇ ಕಿಕ್‌ಗೆ ಹೊತ್ತಿಕೊಂಡಿತು. ಮಗಳು ಕಿವಿ ಮುಚ್ಚಿಕೊಂಡಳು. ಅಪ್ಪ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡು ಹೇಳಿದರು: "ಬಿಸಿ ಆಯ್ತು, ಚೋಕ್ ತೆಗಿ."

ಬೈಕ್ ಮಾರಿಲ್ಲ. ಆದರೆ ಗ್ಯಾರೇಜ್ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ. ಓಡಿಸಿದ ದಿನಕ್ಕೆಲ್ಲ ಗುರುತು. ಆರು ತಿಂಗಳು ಒಂದೂ ಗುರುತು ಬೀಳದಿದ್ದರೆ ಮಾರಾಟ, ಮಾತಿಲ್ಲ. ಹೆಂಡತಿ ಸಾಕ್ಷಿ.

ನಿಮ್ಮ ಸ್ಟೇಟ್‌ಮೆಂಟ್‌ನಲ್ಲೂ ಅಂಥ 70 ಡಾಲರ್ ಇದೆಯಾ? ಇವತ್ತು ಒಮ್ಮೆ ತೆಗೆದು ನೋಡಿ.